ನೀರಿಗೆ ಬಿಡುವ ಪಟ್ಟಿ

ಪುಣೆ
೧೨ ಜನವರಿ ೧೯೯೨

ಗೌಸಿಯಾಬೇಗಂ ಆಪಾ ಅವರಿಗೆ ಗೊಬ್ಬೂರಿನ ಬಸವಂತರಾಯ ಮಾಡುವ ಶರಣು.

ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ನೀವು ಅಫಜಲಪುರದ ಸರ್ಕಾರಿ ದವಾಖಾನೆಗೆ ಹೊಸದಾಗಿ ನರ್ಸ್ ಆಗಿ ಬಂದ ವರ್ಷ, ನಮ್ಮ ಹೊಲದ ಗಾಣದಲ್ಲಿ ಬೆಲ್ಲ ಕಾಸುವ ಕಡಾಯಿಯಿಂದ ಕುದಿಯುವ ಕಬ್ಬಿನ ಹಾಲು ಕಾಲ ಮೇಲೆ ಬಿದ್ದಿದ್ದ ಒಬ್ಬ ಹುಡುಗನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ತಂದಿದ್ದರು. ಆ ಹುಡುಗ ನಾನು. ಮೊಣಕಾಲ ಹಿಂದೆ ಸುಟ್ಟಿತ್ತು. ದಿನ ಬಿಟ್ಟು ದಿನ ನೀವು ಪಟ್ಟಿ ಬದಲಿಸುತ್ತಿದ್ದಿರಿ. ಗಾಯಕ್ಕೆ ಒಣಗಿ ಅಂಟಿದ ಬಟ್ಟೆಯನ್ನು ಬಿಡಿಸುವಾಗ ಜೊತೆಗೆ ಹೊಸ ಚರ್ಮವೂ ಕಿತ್ತು ಬರುತ್ತಿತ್ತು. ನಿಮ್ಮ ಚಪ್ಪಲಿಯ ಸಪ್ಪಳ ಕೇಳಿದರೆ ನಾನು ಮಂಚದ ಕೆಳಗೆ ಹೋಗಿ ಅಡಗುತ್ತಿದ್ದೆ. ನೀವು ಎಳೆದು ತಂದು, ಪಟ್ಟಿ ಹಾಕಿ, ಆಮೇಲೆ ಕಾಲು ನೆಟ್ಟಗೆ ಮಾಡಿಸದೆ ಬಿಡುತ್ತಿರಲಿಲ್ಲ.

ಇವತ್ತು ನಾನು ನೆಟ್ಟಗೆ ನಡೆಯುತ್ತೇನೆ. ನಮ್ಮವ್ವ ಕಸ್ತೂರಿಬಾಯಿ ಈಗಲೂ ಹೇಳುತ್ತಾಳೆ, "ಆ ನರ್ಸಬಾಯಿ ಇರಲಿಲ್ಲಂದ್ರ ನಿನ್ನ ಕಾಲು ಮಡಚಿದ್ದು ಮಡಚಿದಂಗ ಉಳೀತಿತ್ತು" ಅಂತ. ಇಷ್ಟು ವರ್ಷ ಕೃತಜ್ಞತೆ ಹೇಳದೆ ಇದ್ದದ್ದಕ್ಕೆ ನಾಚಿಕೆಯಾಗುತ್ತದೆ. ನೀವು ಸರ್ಕಾರಿ ಕೆಲಸ ಬಿಟ್ಟು ಜೇವರ್ಗಿಯಲ್ಲಿ ಧರ್ಮಣ್ಣ ಡಾಕ್ಟರರ ದವಾಖಾನೆಯಲ್ಲಿದ್ದೀರಿ ಎಂದು ಈಗಷ್ಟೇ ತಿಳಿಯಿತು. ಧರ್ಮಣ್ಣ ನನ್ನ ಕಾಲೇಜಿನ ಗೆಳೆಯ.

ಈಗ ನನ್ನ ಕೆಲಸದ ಮಾತು. ಇಲ್ಲಿಯ ಒಂದು ಪ್ರಯೋಗಾಲಯದಲ್ಲಿ ನಾವು ಒಂದು ಜೆಲ್ ಮಾಡಿದ್ದೇವೆ. ತುಪ್ಪ ಚಳಿಗೆ ಗಟ್ಟಿಯಾಗಿ ಬಿಸಿಗೆ ಕರಗುತ್ತದಲ್ಲ, ಇದು ಅದರ ತದ್ವಿರುದ್ಧ. ಫ್ರಿಜ್‌ನಲ್ಲಿ ನೀರಿನಂತೆ ಇರುತ್ತದೆ. ಸುಟ್ಟ ಗಾಯದ ಮೇಲೆ ಸುರಿದರೆ ಮೈಯ ಬಿಸಿಗೆ ಮೆತ್ತನೆಯ ಪೊರೆಯಾಗಿ ಕೂಡುತ್ತದೆ. ತೆಗೆಯುವಾಗ ಎಳೆಯಬೇಕಿಲ್ಲ. ನೀರು ಸುರಿದರೆ ಕರಗಿ ತಾನಾಗಿ ಹರಿದುಹೋಗುತ್ತದೆ. ಇಲಿ, ಮೊಲಗಳ ಮೇಲೆ ನೋಡಿದ್ದಾಗಿದೆ. ವೈದ್ಯರ ಸಮಿತಿ ಒಪ್ಪಿದ ಮೇಲೆ ಇಲ್ಲಿ ಕೆಲವು ರೋಗಿಗಳಿಗೂ ಹಾಕಿದ್ದೇವೆ. ಈಗ ಸಣ್ಣ ಊರಿನಲ್ಲಿ ನೋಡಬೇಕಾಗಿದೆ. ಧರ್ಮಣ್ಣ ಒಪ್ಪಿದ್ದಾನೆ. ನನ್ನ ಗಾಯ ಕಟ್ಟಿದ ಕೈಯಿಂದಲೇ ಇದು ಶುರುವಾಗಲಿ ಎಂಬುದು ನನ್ನ ಆಸೆ. ನೀವು ಹೂಂ ಅನ್ನಬೇಕು.

ನಿಮ್ಮ
ಬಸವಂತರಾಯ


ಜೇವರ್ಗಿ
೨೪ ಜನವರಿ ೧೯೯೨

ಬಸವಂತರಾಯನಿಗೆ ಗೌಸಿಯಾ ಆಪಾಳ ದುವಾ.

ನಿನ್ನನ್ನು ನೀವು ಎಂದು ಬರೆಯಲು ಕುಳಿತೆ, ಬರಲಿಲ್ಲ. ಮಂಚದ ಕೆಳಗಿನಿಂದ ನಾನೇ ಕಾಲು ಹಿಡಿದು ಎಳೆದು ತಂದ ಹುಡುಗನಿಗೆ ಎಂಥ ನೀವು? ನಿನ್ನ ನೆನಪು ಚೆನ್ನಾಗಿಯೇ ಇದೆ. ಒಮ್ಮೆ ನನ್ನ ಮುಂಗೈ ಕಚ್ಚಿದ್ದೆ. ನಿಮ್ಮವ್ವ ಅದಕ್ಕೆ ಅರಿಶಿನ ಹಚ್ಚಿ, ಮರುದಿನ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಂದುಕೊಟ್ಟಿದ್ದಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಈ ಕೆಲಸದಲ್ಲಿ ನಮಗೆ ಬೈಗುಳ ಸಿಗುವಷ್ಟು ಒಳ್ಳೆಯ ಮಾತು ಸಿಗುವುದಿಲ್ಲ. ಸುಟ್ಟವರು ಗುಣವಾಗಿ ಮನೆಗೆ ಹೋದ ಮೇಲೂ ಬಜಾರಿನಲ್ಲಿ ನನ್ನನ್ನು ಕಂಡರೆ ಬೇರೆ ಗಲ್ಲಿ ಹಿಡಿಯುತ್ತಾರೆ. ಅದನ್ನೂ ತಾಳಿಕೊಳ್ಳಬಹುದು. ಆದರೆ ಪಟ್ಟಿ ಬಿಡಿಸುವ ನೋವಿಗೆ ಹೆದರಿ ಅರ್ಧಕ್ಕೇ ಓಡಿಹೋಗುವವರು ಇದ್ದಾರಲ್ಲ, ಅವರ ಸಂಕಟ ನನ್ನನ್ನು ತಿನ್ನುತ್ತದೆ. ಒಂದೆರಡು ತಿಂಗಳಾದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಬೆರಳಿಗೆ ಬೆರಳು ಅಂಟಿ, ಕೈ ಸೊಟ್ಟಾಗಿ ಒಣಗಿರುತ್ತದೆ. ಆಮೇಲೆ ಯಾರಿಂದಲೂ ಏನೂ ಆಗದು.

ಅದಕ್ಕೇ ಹೂಂ ಅನ್ನುತ್ತೇನೆ. ನಿನ್ನ ಜೆಲ್ ಹಂಗಿದೆ ಹಿಂಗಿದೆ ಎಂಬುದು ನನಗೆ ಬೇಡ. ಎಳೆಯದೆ ಬರುತ್ತದೆ ಎಂದೆಯಲ್ಲ, ಅಷ್ಟು ಖರೆ ಆದರೆ ಸಾಕು. ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಕಳಿಸು.

ಗೌಸಿಯಾ ಆಪಾ


ಪುಣೆ
೩ ಫೆಬ್ರವರಿ ೧೯೯೨

ಆಪಾ ಅವರಿಗೆ ಶರಣು.

ನೀವು ನೀನು ಎಂದದ್ದಕ್ಕೆ ನನಗಾದ ಸಂತೋಷ ಹೇಳಲಾರೆ. ಇಲ್ಲಿ ಎಲ್ಲರೂ ಡಾಕ್ಟರ್ ಸಾಹೇಬ ಅನ್ನುತ್ತಾರೆ.

ಡಬ್ಬಿಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಗುಲಬರ್ಗಾ ಬಸ್ಸಿಗೆ ಹಾಕಿದ್ದೇನೆ. ಧರ್ಮಣ್ಣನ ಮನುಷ್ಯ ಇಳಿಸಿಕೊಳ್ಳುತ್ತಾನೆ. ಲಸಿಕೆ ಇಡುವ ಫ್ರಿಜ್‌ನಲ್ಲಿ ಇಡಿ. ಗಾಯ ತೊಳೆದು ಮೇಲೆ ತೆಳ್ಳಗೆ ಸುರಿಯಿರಿ, ನಿಮ್ಮ ಕಣ್ಣೆದುರೇ ಬೆಳ್ಳಗಾಗಿ ಕೂಡುತ್ತದೆ. ತೆಗೆಯುವಾಗ ಕುದಿಸಿ ಆರಿಸಿದ ನೀರನ್ನು ನಿಧಾನವಾಗಿ ಸುರಿಯುತ್ತ ಹೋಗಿ. ಇಷ್ಟೇ. ಹೆಚ್ಚು ಕಡಿಮೆ ಏನಾದರೂ ಆದರೆ ಮುಚ್ಚಿಡಬೇಡಿ, ಕೂಡಲೇ ಬರೆಯಿರಿ.

ಬಸವಂತರಾಯ


ಜೇವರ್ಗಿ
೨೦ ಫೆಬ್ರವರಿ ೧೯೯೨

ಬಸವಂತಾ,

ನಿನ್ನ ನೀರು ನೀರಾದ ಔಷಧ ನೋಡಿ ಮೊದಲು ನಕ್ಕಿದ್ದೆ. ಇದೇನು ಗಂಜಿಯ ತಿಳಿ ಕಳಿಸಿದ್ದಾನೆ ಎಂದು ಡಾಕ್ಟರ ಮುಂದೆಯೂ ಅಂದೆ. ಈಗ ಆ ಮಾತು ವಾಪಸು ತೆಗೆದುಕೊಂಡಿದ್ದೇನೆ.

ಮೆಹಬೂಬ ಎಂದು ಲಾರಿ ರಿಪೇರಿ ಮಾಡುವವನು. ರೇಡಿಯೇಟರ್ ಮುಚ್ಚಳ ತೆಗೆಯುವಾಗ ಕುದಿನೀರು ಸಿಡಿದು ತೊಡೆ ಸುಟ್ಟುಕೊಂಡು ಬಂದ. ಔಷಧ ಹೊಸದು ಎಂದು ಡಾಕ್ಟರು ಬಿಡಿಸಿ ಹೇಳಿದರು, ಅವನೂ ಒಪ್ಪಿದ. ಸುರಿದೆ, ಕೂಡಿತು. ಮೂರನೆಯ ದಿನ ಬೆಳಿಗ್ಗೆ ಆರಿಸಿದ ನೀರು ಹಾಕಿದೆ. ತಗಡಿನ ಮೇಲಿನ ಸಾಬೂನಿನಂತೆ ಜಾರಿ ಹೋಯಿತು. ಮೆಹಬೂಬ ಕೆಳಗೆ ನೋಡಿ, "ಆಪಾ, ಇಷ್ಟನಾ? ನಾ ಸುಮ್ಮನ ರಾತ್ರಿ ನಿದ್ದಿ ಕೆಡಿಸಿಕೊಂಡೆ" ಅಂದ. ನಿನ್ನೆ ನಮ್ಮ ಮನೆಗೆ ಬಾಳೆಹಣ್ಣು ಕಳಿಸಿದ್ದಾನೆ.

ಅಲ್ಲಾ ನಿನ್ನನ್ನು ಚೆನ್ನಾಗಿಟ್ಟಿರಲಿ. ನೀನು ನನಗೆ ಥ್ಯಾಂಕ್ಸ್ ಹೇಳಿದ್ದೆ, ಈಗ ನಾನು ನಿನಗೆ ಹೇಳುತ್ತೇನೆ. ಲೆಕ್ಕ ಸರಿಹೋಯಿತು ಎಂದು ಕೆಲಸ ನಿಲ್ಲಿಸಬೇಡ, ಇನ್ನೂ ಡಬ್ಬಿ ಕಳಿಸು.

ಗೌಸಿಯಾ ಆಪಾ


ಪುಣೆ
೨ ಮಾರ್ಚ್ ೧೯೯೨

ಆಪಾ ಅವರಿಗೆ ಶರಣು.

ನಿಮ್ಮ ಕಾಗದವನ್ನು ನಮ್ಮ ಸಭೆಯಲ್ಲಿ ಮರಾಠಿಗೆ ಮಾಡಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ನಿರ್ದೇಶಕರು, "ಈ ಸಿಸ್ಟರ್ ಬರೆದ ಹಾಗೆ ನೀವ್ಯಾರೂ ವರದಿ ಬರೆಯುವುದಿಲ್ಲ" ಎಂದು ನಮಗೇ ಬೈದರು. ಧರ್ಮಣ್ಣ ಕಳಿಸುವ ವರದಿ ಇದ್ದೇ ಇರುತ್ತದೆ, ಆದರೆ ಅವನಿಗೂ ನಿಮ್ಮ ಮಾತೇ ಆಧಾರ.

ಬೇರೆ ಊರುಗಳ ಡಾಕ್ಟರರೂ ಕೇಳುತ್ತಿದ್ದಾರೆ. ಇನ್ನೊಂದೆರಡು ಒಳ್ಳೆಯ ಸುದ್ದಿ ನಿಮ್ಮಿಂದ ಬಂದರೆ ಅವರಿಗೂ ಕಳಿಸುತ್ತೇವೆ. ಹೊಸ ಡಬ್ಬಿಗಳು ನಾಡಿದ್ದು ಹೊರಡುತ್ತವೆ. ರಂಜಾನ್ ಹತ್ತಿರ ಬಂತು, ಉಪವಾಸದಲ್ಲಿ ಮೈ ಬಗ್ಗೆ ಎಚ್ಚರವಿರಲಿ.

ಬಸವಂತರಾಯ


ಜೇವರ್ಗಿ
೨ ಏಪ್ರಿಲ್ ೧೯೯೨

ಬಸವಂತರಾಯನಿಗೆ,

ಡಬ್ಬಿ ತಲುಪಿದವು. ಇಲ್ಲಿ ಎಲ್ಲ ಚೆನ್ನಾಗಿದೆ. ಔಷಧವೂ ಚೆನ್ನಾಗಿದೆ. ಬಿಸಿಲು ಬಹಳ, ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ನಿಮ್ಮವ್ವನಿಗೆ ಸಲಾಮು ಹೇಳು.

ಗೌಸಿಯಾಬೇಗಂ


ಪುಣೆ
೧೦ ಏಪ್ರಿಲ್ ೧೯೯೨

ಆಪಾ ಅವರಿಗೆ ಶರಣು. ಈದ್ ಹಬ್ಬದ ಶುಭಾಶಯಗಳು ತಡವಾಗಿ.

ಉಪವಾಸದ ತಿಂಗಳಲ್ಲೂ ಬಿಡುವು ಮಾಡಿಕೊಂಡು ನಾಲ್ಕು ಸಾಲು ಬರೆದಿರಿ. ನನಗೆ ಅಷ್ಟು ಸಾಕು. ಚೆನ್ನಾಗಿದೆ ಎಂದು ನೀವು ಅಂದ ಮೇಲೆ ಇನ್ನೇನು ಕೇಳುವುದು? ಆ ಮಾತಿನ ಮೇಲೆ ಬೀಡ್ ಊರಿಗೆ, ಸೊಲ್ಲಾಪುರಕ್ಕೆ, ಬಿಜಾಪುರಕ್ಕೆ ಡಬ್ಬಿ ಕಳಿಸುವ ತಯಾರಿ ನಡೆದಿದೆ. ತಿಂಗಳ ಕೊನೆಗೆ ಹೊರಡುತ್ತವೆ.

ನಿಮ್ಮ ಹೆಸರನ್ನು ಎಲ್ಲರ ಮುಂದೆ ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ. ಅವ್ವ ಈಗ ಇಲ್ಲೇ ಇದ್ದಾಳೆ. "ಆಕಿ ಕೈಗುಣ ನನಗ ಗೊತ್ತದ" ಎಂದು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ಬಸವಂತರಾಯ


ಜೇವರ್ಗಿ
೨೭ ಏಪ್ರಿಲ್ ೧೯೯೨

ಬಸವಂತರಾಯ,

ಆ ಡಬ್ಬಿಗಳನ್ನು ಎಲ್ಲಿಗೂ ಕಳಿಸಬೇಡ. ಕಳಿಸಿದ್ದರೆ ವಾಪಸು ತರಿಸು. ನಿನ್ನ ಔಷಧ ಬಿಡುತ್ತಿಲ್ಲ. ಮಾರ್ಚ್‌ನಿಂದಲೇ ಬಿಡುತ್ತಿಲ್ಲ. ಎಲ್ಲ ಚೆನ್ನಾಗಿದೆ ಎಂದು ನಾನು ಬರೆದದ್ದು ಸುಳ್ಳು.

ಮಾರ್ಚ್‌ನಲ್ಲಿ ಒಂದು ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಫ್ರಿಜ್‌ನಲ್ಲಿದ್ದ ಜೆಲ್ ಬೆಳ್ಳಗೆ ಗಟ್ಟಿಯಾಗಿತ್ತು. ಕರೆಂಟ್ ಬಂದ ಮೇಲೆ ಮತ್ತೆ ನೀರಾಯಿತು. ಅದನ್ನೇ ಒಬ್ಬರಿಗೆ ಹಾಕಿದೆ. ತೆಗೆಯುವಾಗ ಅಂಟಿಕೊಂಡಿತು, ಕಿತ್ತು ತೆಗೆಯಬೇಕಾಯಿತು. ಇಷ್ಟು ಬೆಲೆಬಾಳುವ ಔಷಧವನ್ನು ನಾನೇ ಹಾಳುಮಾಡಿದೆ ಎಂದು ತಿಳಿದೆ. ನೀನಾದರೋ ಸಭೆಯಲ್ಲಿ ಓದಿದೆ, ಚಪ್ಪಾಳೆ ಬಿತ್ತು ಎಂದು ಬರೆದಿದ್ದೆ. ಅಂಥವನಿಗೆ ಏನು ಬರೆಯಲಿ? ನಿನ್ನ ಖುಷಿ ಕೆಡಿಸಲು ಕೈ ಬರಲಿಲ್ಲ. ಹೊಸ ಡಬ್ಬಿ ಬಂದರೆ ಸರಿಹೋಗುತ್ತದೆ ಎಂದು ಡಾಕ್ಟರಿಗೂ ಹೇಳಲಿಲ್ಲ.

ಸರಿಹೋಗಲಿಲ್ಲ. ಈಗ ಮಲ್ಕಮ್ಮನ ಪಾಲಿಗೆ ಬಂದಿದೆ. ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಮಾಡುವವಳು, ಒಂಟಿ ಹೆಂಗಸು. ಅವಳ ಭಜಿ ತಿನ್ನದೆ ಡ್ರೈವರುಗಳು ಗಾಡಿ ಬಿಡುವುದಿಲ್ಲ. ಸ್ಟೋವಿನ ಕಾಲು ಜಾರಿ ಬಾಣಲಿಯ ಎಣ್ಣೆ ಬಲಗೈ ಮೇಲೆ ಚೆಲ್ಲಿತು. ಮುಂಗೈಯಿಂದ ಬೆರಳಿನ ತುದಿಯವರೆಗೆ ಸುಟ್ಟಿದೆ. ಹೊಸ ಡಬ್ಬಿ ಒಡೆದು ಹಾಕಿದೆ. ಹಾಕಿದಾಗ, "ಯವ್ವಾ, ತಂಪಾತು ನೋಡ್ರಿ" ಅಂದಳು. ತೆಗೆಯುವ ದಿನ ನೀನು ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ನೀರು ಕುದಿಸಿ, ಮುಚ್ಚಿ, ಮಧ್ಯಾಹ್ನದವರೆಗೆ ಆರಲು ಇಟ್ಟಿದ್ದೆ. ನಮ್ಮ ಕೋಣೆ ರೊಟ್ಟಿ ಒಲೆಯ ಹಾಗೆ ಕಾದಿತ್ತು. ಒಂದು ಚೊಂಬು ಹಾಕಿದೆ, ಎರಡು ಚೊಂಬು ಹಾಕಿದೆ. ನೀರು ಹಾಕಿದಷ್ಟೂ ಅದು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಕೊನೆಗೆ ಎಳೆದೆ. ಅವಳ ಕೂಗಿಗೆ ಹೊರಗೆ ಕುಳಿತವರು ಎದ್ದು ನಿಂತರು.

ಆದರೂ ಬುದ್ಧಿ ಬರಲಿಲ್ಲ. ಗಾಯ ಬರಿದಾಗಿಡಬಾರದು ಎಂದು ಇನ್ನೊಂದು ಡಬ್ಬಿ ಒಡೆದು ಮತ್ತೆ ಅದನ್ನೇ ಹಾಕಿದೆ. ಅದನ್ನು ತೆಗೆಯುವ ದಿನ ಮಲ್ಕಮ್ಮ ಬರಲಿಲ್ಲ. ಅಂಗಡಿ ಮುಚ್ಚಿ ಸೊನ್ನದ ತಂಗಿಯ ಮನೆಗೆ ಹೋಗಿದ್ದಾಳೆ. ಕರೆಯಲು ಹೋದವನ ಮುಂದೆ, "ಕೈ ಹೋದ್ರ ಹೋಗವಲ್ದ್ಯಾಕ, ಆ ನರ್ಸಬಾಯಿ ಕೈಯಾಗ ಮಾತ್ರ ಮತ್ತ ಕೊಡಂಗಿಲ್ಲ" ಅಂದಳಂತೆ.

ಆ ಕೈ ಸೊಟ್ಟಾದರೆ ಅವಳು ಹಿಟ್ಟು ಕಲಸುವುದು ಹೇಗೆ, ಬಾಣಲಿ ಹಿಡಿಯುವುದು ಹೇಗೆ? ಡಾಕ್ಟರಿಗೆ ಎಲ್ಲ ಹೇಳಿದ್ದೇನೆ. ಬೈದರು, ಬೈಯಲಿ. ನೀನೂ ಬೈ. ಆದರೆ ಅದು ಬಿಡುವುದು ಹೇಗೆ ಎಂದು ಮೊದಲು ಹೇಳು.

ಗೌಸಿಯಾಬೇಗಂ


ಪುಣೆ
೧ ಮೇ ೧೯೯೨

ಆಪಾ ಅವರಿಗೆ ಶರಣು.

ಫೋನು ಹತ್ತಲಿಲ್ಲ. ಅದಕ್ಕೆ ಈ ಕಾಗದವನ್ನು ಗುಲಬರ್ಗಾ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಮೊದಲು ಮಾಡಬೇಕಾದದ್ದನ್ನು ಹೇಳುತ್ತೇನೆ.

ನೀರು ಕುದಿಸಿ, ಮುಚ್ಚಿದ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ. ಥರ್ಮಾಸಿನಲ್ಲಿ ತುಂಬಿಕೊಂಡು ಸೊನ್ನಕ್ಕೆ ಹೋಗಿ. ಸುರಿಯುವ ಹೊತ್ತಿಗೆ ಕೊರೆಯುವಷ್ಟು ತಣ್ಣಗಿರಬಾರದು, ನಿಮ್ಮ ಮೊಣಕೈ ಮೇಲೆ ಬಿಟ್ಟುಕೊಂಡರೆ ಹಿತವಾಗಿ ತಂಪೆನ್ನಿಸಬೇಕು. ನಿಧಾನವಾಗಿ ಸುರಿಯಿರಿ. ಬೆರಳು ಕೂಡ ಹಚ್ಚಬೇಡಿ. ಬಿಡುತ್ತದೆ, ಆಪಾ. ಖಂಡಿತ ಬಿಡುತ್ತದೆ.

ಔಷಧ ಕೆಟ್ಟಿರಲಿಲ್ಲ. ನೀವೂ ಏನೂ ಕೆಡಿಸಲಿಲ್ಲ. ಕರೆಂಟ್ ಹೋದಾಗ ಗಟ್ಟಿಯಾಗಿ, ಬಂದಾಗ ನೀರಾಗುವುದೇ ಅದರ ಗುಣ. ತಪ್ಪು ನನ್ನದು. ಕುದಿಸಿ ಆರಿಸಿದ ನೀರು ಎಂದು ಬರೆದೆ. ನನ್ನ ಕೋಣೆಯಲ್ಲಿ ಹಗಲೂ ರಾತ್ರಿ ಏಸಿ ಓಡುತ್ತದೆ, ಇಲ್ಲಿ ನೀರು ಆರಿದರೆ ತಣ್ಣಗಾಗುತ್ತದೆ. ನಿಮ್ಮಲ್ಲಿ ಫೆಬ್ರವರಿಯ ಬೆಳಗಿನಲ್ಲಿ ಹಾಗೇ ಆಗಿತ್ತು, ಮೆಹಬೂಬನ ಪಟ್ಟಿ ಜಾರಿ ಬಂತು. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಜೇವರ್ಗಿಯಲ್ಲಿ ಎಷ್ಟು ಹೊತ್ತು ಆರಿಸಿದರೂ ನೀರು ಮೈಗಿಂತ ಬಿಸಿಯಾಗಿಯೇ ಇರುತ್ತದೆ. ಆ ನೀರನ್ನು ಸುರಿದರೆ ಜೆಲ್ ಹಿಡಿತ ಬಿಗಿ ಮಾಡುತ್ತದೆ, ನಾವೇ ಅದಕ್ಕೆ ಹಾಗೆ ಕಲಿಸಿದ್ದು. ಯಾವುದೋ ಚಳಿ ದೇಶದವನು ಈ ತಪ್ಪು ಮಾಡಿದ್ದರೆ ಒಪ್ಪಬಹುದಿತ್ತು. ನಾನು ಗೊಬ್ಬೂರಿನವನು. ಬೇಸಿಗೆಯಲ್ಲಿ ಹಿತ್ತಲಿನ ತಾಮ್ರದ ಹಂಡೆಗೆ ಕೈ ಹಾಕಿ ಸುಟ್ಟುಕೊಂಡು ಬೆಳೆದವನು. ನಮ್ಮೂರಿನ ಬಿಸಿಲನ್ನು ನಾನೇ ಮರೆತೆನಲ್ಲ ಎಂದು ನಿನ್ನೆಯಿಂದ ಊಟ ಸೇರಿಲ್ಲ.

ನೀವು ಮುಚ್ಚಿಟ್ಟಿರಿ ಎಂದು ಬೈಯುವ ಮುಖ ನನಗಿಲ್ಲ. ನಾನೂ ಒಂದು ಮುಚ್ಚಿಟ್ಟಿದ್ದೇನೆ. ಫೆಬ್ರವರಿಯಲ್ಲಿ ಈ ಕೆಲಸ ನಿಲ್ಲಿಸಬೇಕೆಂದು ಇಲ್ಲಿ ತೀರ್ಮಾನವಾಗುವುದಿತ್ತು. ಅದನ್ನು ಉಳಿಸಿದ್ದು ಮೆಹಬೂಬನ ಸುದ್ದಿ ಬರೆದ ನಿಮ್ಮ ಕಾಗದ. ಇದನ್ನು ಹೇಳಿದರೆ ನಿಮಗೆ ಭಾರವಾದೀತು ಎಂದು ಸುಮ್ಮನಿದ್ದೆ. ಹೇಳದೆಯೂ ಭಾರವಾಗಿದೆ, ಈಗ ಗೊತ್ತಾಯಿತು. ಚಪ್ಪಾಳೆಯ ಮಾತು ಬರೆದು ನಿಮ್ಮ ಬಾಯಿ ಕಟ್ಟಿದವನೂ ನಾನೇ.

ಡಬ್ಬಿಗಳು ಇನ್ನೂ ಹೊರಟಿರಲಿಲ್ಲ. ನಿಲ್ಲಿಸಿದ್ದೇನೆ. ನಿಮ್ಮ ಕಾಗದವನ್ನು ಹಿಡಿದುಕೊಂಡು ಹೋಗಿ ನಿರ್ದೇಶಕರ ಮುಂದೆ ನಿಂತೆ. ಅವರು ಕೇಳಿದ್ದು ಒಂದೇ ಮಾತು, "ಆ ಹೆಂಗಸಿನ ಕೈ ಉಳಿಯುತ್ತದೆಯೇ?" ನಿಮ್ಮಿಂದ ಸುದ್ದಿ ಬಂದ ಕೂಡಲೇ ಹೇಳುತ್ತೇನೆ ಎಂದೆ.

ನಿಮ್ಮ ಈ ಕಾಗದಕ್ಕೆ ನಾನು ಮೊದಲಿನ ಎಲ್ಲ ಕಾಗದಗಳಿಗಿಂತ ಹೆಚ್ಚು ಋಣಿ.

ಬಸವಂತರಾಯ


ಜೇವರ್ಗಿ
೮ ಮೇ ೧೯೯೨

ಬಸವಂತಾ,

ಮೊದಲು ಊಟ ಮಾಡು. ಆಮೇಲೆ ಓದು.

ಕಂಡಕ್ಟರು ಕಾಗದ ತಂದುಕೊಟ್ಟ ಮರುದಿನವೇ ಹೊರಟೆ. ಒಂದು ಥರ್ಮಾಸಿನಲ್ಲಿ ನೀರು, ಇನ್ನೊಂದರಲ್ಲಿ ಐಸ್ ಸುತ್ತಿದ ಡಬ್ಬಿ. ಬಸ್ಸಿನಲ್ಲಿ ಪಕ್ಕದವಳು, "ಚಾ ಮಾರಾಕ ಹೊಂಟೀರೇನ್ರಿ?" ಎಂದು ಕೇಳಿದಳು. ಅಫಜಲಪುರದಲ್ಲಿ ಬಸ್ಸು ಬದಲಿಸಿ ಸೊನ್ನಕ್ಕೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಮಲ್ಕಮ್ಮನ ತಂಗಿ ಸುಭದ್ರಾಬಾಯಿ ಬಾಗಿಲಲ್ಲೇ ಇದ್ದಳು. ನನ್ನನ್ನು ಕಂಡವಳೇ ಒಳಗೆ ನೋಡಿ, "ಅಕ್ಕಾ, ಬಂದಾರ" ಅಂದಳು. ಒಳಗೆ ಏನೋ ಬಿದ್ದ ಸಪ್ಪಳವಾಯಿತು. ಮಲ್ಕಮ್ಮ ಜೋಳದ ಚೀಲಗಳ ಹಿಂದೆ ಹೋಗಿ ಕುಳಿತಿದ್ದಳು. ಕೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು.

"ನಾ ಬರಂಗಿಲ್ರಿ ಬಾಯಿ. ಕಾಲು ಬೀಳ್ತೇನಿ, ಹೋಗ್ರಿ."

"ಕಾಲು ನಾನ ಬೀಳಬೇಕು ಮಲ್ಕಮ್ಮ," ಅಂದೆ. "ಹೋದ ಸಲ ನೀರು ತಪ್ಪಿತ್ತು. ನಿನ್ನ ಕೈಯಿಂದಲ್ಲ, ಔಷಧದಿಂದಲ್ಲ, ನೀರಿನಿಂದ ತಪ್ಪಾಗಿತ್ತು. ನಿನಗ ಆ ನೋವು ಕೊಟ್ಟಾಕಿ ನಾನು. ಈ ಸಲ ನಾ ಕೈ ಹಚ್ಚಂಗಿಲ್ಲ. ಬರೇ ನೀರು ಹಾಕ್ತೇನಿ. ನೋತು ಅಂದ್ರ ಎದ್ದು ಒಳಗ ಹೋಗು, ನಾನೂ ಬಸ್ ಹತ್ತತೇನಿ."

ಅವಳು ಚೀಲಗಳ ಹಿಂದಿನಿಂದಲೇ ನನ್ನ ಕೈಯಲ್ಲಿದ್ದ ಥರ್ಮಾಸು ನೋಡಿದಳು. ಸುಭದ್ರಾಬಾಯಿ, "ಬರೇ ನೀರ ಅಂತ ಅಕ್ಕಾ, ಹಾಕಿಸ್ಕೋ" ಅಂದಳು. ಕೊನೆಗೆ ಹೊರಗೆ ಬಂದು ಗೋಡೆಗೆ ಒರಗಿ ಕುಳಿತಳು. ಕೈಯನ್ನು ಸುಭದ್ರಾಬಾಯಿ ತಂದಿಟ್ಟ, ಹಿಟ್ಟು ನಾದುವ ಅಗಲ ಪರಾತದ ಮೇಲೆ ಚಾಚಿ, ಮುಖ ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅಭ್ಯಾಸದ ಬಲಕ್ಕೆ ಎಲ್ಲಿ ಎಳೆದುಬಿಡುತ್ತೇನೋ ಎಂದು ನನಗೇ ನನ್ನ ಮೇಲೆ ಭರವಸೆ ಇರಲಿಲ್ಲ.

ನೀರು ಮೊಣಕೈ ಮೇಲೆ ನೋಡಿಕೊಂಡು ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಇನ್ನಷ್ಟು ನೀರು ಬಿಟ್ಟೆ. ಆಮೇಲೆ ಅಂಚಿನಲ್ಲಿ ಬಿಳುಪು ಹೋಗಿ ಪಾರದರ್ಶಕವಾಯಿತು. ಮುಂಗೈ ಮೇಲಿನದು ಸಡಿಲಾಯಿತು, ಬೆರಳಿನ ನಡುವಿನದು ಸಡಿಲಾಯಿತು. ಹಾಗೇ ಇಳಿದು ಪರಾತಕ್ಕೆ ಹರಿದುಹೋಯಿತು. ಕೆಳಗೆ ಹೊಸ ಚರ್ಮ ಗುಲಾಬಿಯಾಗಿ ಬಂದಿದೆ, ಎಲ್ಲೂ ಕಿತ್ತಿಲ್ಲ. ಬೆರಳು ಸ್ವಲ್ಪ ಬಿಗಿಯಾಗಿವೆ, ಅಂಟಿಕೊಂಡಿಲ್ಲ. ನಾನು ಥರ್ಮಾಸು ಕೆಳಗಿಟ್ಟೆ.

ಮಲ್ಕಮ್ಮ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಸೆರಗು ಬಾಯಿಂದ ತೆಗೆದು, "ನೀರು ಹಾಕಿದ್ದು ಸಾಕ್ರಿ ಬಾಯಿ. ಎಷ್ಟೊತ್ತು ಕಾಯಿಸ್ತೀರಿ? ತೆಗಿಯೂದಿದ್ರ ತೆಗೆದುಬಿಡ್ರಿ" ಅಂದಳು.

ಸುಭದ್ರಾಬಾಯಿ ನಗಲು ಶುರುಮಾಡಿದಳು. ನಾನು ಅತ್ತೆ. ಮಲ್ಕಮ್ಮ ಕಣ್ಣು ತೆರೆದು ತನ್ನ ಕೈ ನೋಡಿದಳು, ಪರಾತ ನೋಡಿದಳು, ಮತ್ತೆ ಕೈ ನೋಡಿದಳು. ಬೆರಳು ಒಂದೊಂದಾಗಿ ಮಡಚಿ ಬಿಚ್ಚಿದಳು.

ಹೊಸ ಜೆಲ್ ಹಾಕಿ ಎದ್ದೆ. ಊಟ ಮಾಡದೆ ಬಿಡಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, "ಮುಂದಿನ ಪಟ್ಟಿಗೆ ನೀವು ಬಿಸಿಲಾಗ ಬರಬ್ಯಾಡ್ರಿ, ನಾನ ಬರ್ತೇನಿ" ಅಂದಳು. ಬಾಯಿಮಾತಿಗೆ ಹೇಳುತ್ತಾಳೆ ಎಂದುಕೊಂಡೆ. ಹಾಗೆ ಹೇಳಿ ಬಾರದವರನ್ನು ಬಹಳ ಮಂದಿ ನೋಡಿದ್ದೇನೆ.

ಆ ಕೈ ಉಳಿಯುತ್ತದೆ ಎಂದು ನಿಮ್ಮ ನಿರ್ದೇಶಕರಿಗೆ ಹೇಳು. ಇವತ್ತು ಬೆಳಿಗ್ಗೆ ನಾನು ದವಾಖಾನೆಯ ಕೀಲಿ ತೆಗೆಯಲು ಹೋದಾಗ ಮಲ್ಕಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಳಂತೆ.

ನಿನ್ನ
ಗೌಸಿಯಾ ಆಪಾ